ಹೊಳೆಗೊಂದು ನೋಟ್‌ಬುಕ್: ಊರಿನ ನೀರನ್ನು ನಾವೇ ನೋಡಿಕೊಂಡು, ನಿಲ್ಲುವಂಥ ದೂರು ಕೊಡುವುದು ಹೇಗೆ

ನಾನು ಮೊದಲ ಸಲ ಕೊಟ್ಟ ದೂರು ನಗೆಪಾಟಲಾಯಿತು. ಕುಮಟಾ ತಾಲೂಕಿನ ನಮ್ಮೂರ ಹಳ್ಳದ ಬದಿಯಲ್ಲಿ ಬಣ್ಣಬಣ್ಣದ ಎಣ್ಣೆ ಪದರ ಕಂಡಿತ್ತು. ಸ್ವಲ್ಪ ಮೇಲೆ ಒಂದು ಗ್ಯಾರೇಜು. ಇನ್ನೇನು ಬೇಕು? ಫೋಟೋ ಹೊಡೆದೆ, ಅರ್ಜಿ ಬರೆದೆ, ಹತ್ತು ಜನರ ಸಹಿ ಹಾಕಿಸಿದೆ. ನೋಡಲು ಬಂದ ಅಧಿಕಾರಿ ಕೆಳಗೆ ಬಿದ್ದಿದ್ದ ಒಂದು ಕಡ್ಡಿ ಎತ್ತಿಕೊಂಡು ಆ ಪದರವನ್ನು ಕಲಕಿದರು. ಗಾಜು ಒಡೆದ ಹಾಗೆ ಚೂರುಚೂರಾಯಿತು, ಮತ್ತೆ ಕೂಡಿಕೊಳ್ಳಲಿಲ್ಲ. "ಎಣ್ಣೆಯಾಗಿದ್ರೆ ಕಡ್ಡಿ ತೆಗೆದ ಕೂಡಲೇ ಸೇರಿಕೊಳ್ತಿತ್ತು ಮಾರಾಯ್ರೆ. ಇದು ಕಬ್ಬಿಣದ ಬ್ಯಾಕ್ಟೀರಿಯಾ" ಅಂದರು. ಚಿರೇಕಲ್ಲಿನ ನೆಲದಿಂದ ಒಸರುವ ನೀರಿನಲ್ಲಿ ಕಬ್ಬಿಣ ಇರುತ್ತದೆ, ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಇಂಥ ಪದರ ಕಟ್ಟುತ್ತವೆ, ಪಕ್ಕದಲ್ಲೇ ಕಿತ್ತಳೆ ಬಣ್ಣದ ಲೋಳೆಯೂ ಇರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಮಾಮೂಲಿ. ಗ್ಯಾರೇಜಿನವ ಇವತ್ತಿಗೂ ನನ್ನ ಬೈಕನ್ನು ಸರದಿಯ ಕೊನೆಗೇ ನಿಲ್ಲಿಸುತ್ತಾನೆ.

ಆಮೇಲೆ ನಾನು ಬೇರೆ ದಾರಿ ಹಿಡಿದೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೂ ಇದು ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ತಿಳಿದಿರಲಿ. ನೀವು ಬಾಟಲಿಯಲ್ಲಿ ತುಂಬಿಸಿಕೊಂಡು ಹೋದ ನೀರು ಕೋರ್ಟಿನಲ್ಲಿ ಕಾರ್ಖಾನೆಯ ಮೇಲೆ ನೇರ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಕಾರ್ಖಾನೆಯಿಂದ ಹೊರಬರುವ ನೀರಿನ ಮಾದರಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ತೆಗೆಯಬೇಕು. ಅಲ್ಲಿಯ ಜವಾಬ್ದಾರರಿಗೆ ನೋಟಿಸ್ ಕೊಡಬೇಕು, ಅವರ ಎದುರೇ ಎರಡು ಭಾಗ ಮಾಡಿ, ಮೊಹರು ಹಾಕಿ, ಸಹಿ ಆಗಬೇಕು. ಹಾಗಾದರೆ ನಮ್ಮ ಕೆಲಸ ಏನು? ಮಂಡಳಿಯ ಬಾಟಲಿ ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಬರುವ ಹಾಗೆ ಮಾಡುವುದು. ಅದಕ್ಕೆ ಬೇಕಾದದ್ದು ನೋಟ್‌ಬುಕ್. ಅದರಲ್ಲೂ, ಏನೂ ಆಗದ ದಿನಗಳ ನೋಟ್‌ಬುಕ್. ನೀರು ಚೆನ್ನಾಗಿದ್ದಾಗ ಹೇಗಿತ್ತು ಅಂತ ಗೊತ್ತಿಲ್ಲದಿದ್ದರೆ, ಕೆಟ್ಟಿದೆ ಅಂತ ಹೇಳುವುದು ಹೇಗೆ?

ಹಂತ 1: ನಿಮ್ಮ ನೀರು ಎಲ್ಲಿಂದ ಬರುತ್ತದೆ ನೋಡಿ

ಒಂದು ಹಾಳೆಯಲ್ಲಿ ನಿಮ್ಮ ಹಳ್ಳ ಅಥವಾ ಹೊಳೆಯನ್ನು ಗೀರಿ. ಮೇಲಿನಿಂದ ಕೆಳಗೆ ಯಾರು ಯಾರು ಇದ್ದಾರೆ ಗುರುತು ಹಾಕಿ: ಅಡಿಕೆ ತೋಟ, ಅಡಿಕೆ ಬೇಯಿಸುವ ಜಾಗ, ಕಲ್ಲುಕ್ವಾರಿ, ಮೀನು ಸಂಸ್ಕರಣೆ ಘಟಕ, ಸಿಗಡಿ ಕೆರೆ, ರೆಸಾರ್ಟು, ಹೋಂಸ್ಟೇ, ಪೇಟೆಯ ಗಟಾರ, ಕಸ ಹಾಕುವ ಜಾಗ.

ಹೊಳೆಗೊಂದು ಸ್ವಭಾವ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಅಣೆಕಟ್ಟುಗಳಿವೆ. ದಾಂಡೇಲಿಯಲ್ಲಿ ಕಾರ್ಖಾನೆಗಳಿವೆ, ಕದ್ರಾದ ಹಿನ್ನೀರಿನ ಪಕ್ಕ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. ಹಾಗಾಗಿ ಕೆಳಗಿನ ಕಾಳಿಯ ನೀರಿನ ಮಟ್ಟ ಮಳೆ ನೋಡಿಯಷ್ಟೇ ಏರಿಳಿಯುವುದಿಲ್ಲ, ಗೇಟು ನೋಡಿಯೂ ಏರಿಳಿಯುತ್ತದೆ. ಗಂಗಾವಳಿ ಹೊಳೆಗೆ ಘಟ್ಟದ ಮೇಲೆ ಬೇಡ್ತಿ ಅಂತ ಹೆಸರು. ಹುಟ್ಟುವುದು ಧಾರವಾಡದ ಬದಿಯಲ್ಲಿ. ಅಂಕೋಲೆಯ ದಂಡೆಯವರು ಅಷ್ಟು ದೂರದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅದರ ಒಂದು ಕವಲು ಶುರುವಾಗುವುದೇ ಶಿರಸಿ ಪೇಟೆಯ ಶಂಕರಹೊಂಡದಲ್ಲಿ. ಕೊನೆಗೆ ಕುಮಟೆಯ ಬದಿಯ ಅಳಿವೆ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ 4,801 ಹೆಕ್ಟೇರ್ ಜಾಗ. ಆ ಹೆಸರನ್ನು ನಿಮ್ಮ ದೂರಿನಲ್ಲಿ ಬರೆಯಲು ಮರೆಯಬೇಡಿ, ತೂಕ ಬರುತ್ತದೆ.

ಹಂತ 2: ಮೂರು ಜಾಗ, ಒಂದೇ ಹೊತ್ತು

ಅನುಮಾನ ಇರುವ ಜಾಗಕ್ಕಿಂತ ಮೇಲೆ ಒಂದು, ನೀರು ಬಂದು ಸೇರುವಲ್ಲಿ ಒಂದು, ಚೆನ್ನಾಗಿ ಬೆರೆತ ಮೇಲೆ ಕೆಳಗೆ ಒಂದು. ಮೇಲಿನ ಜಾಗ ಬಿಟ್ಟರೆ ಉಳಿದ ಎರಡಕ್ಕೂ ಬೆಲೆ ಇಲ್ಲ. "ನೀರು ಮೊದಲೇ ಹಾಳಾಗಿತ್ತು" ಅಂತ ಎದುರಿನವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಘಟ್ಟದ ಮೇಲೆ ಇದು ಸುಲಭ. ಕರಾವಳಿಯಲ್ಲಿ ಅಲ್ಲ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಕೇರಿಯ, ಬಳಚು (ಚಿಪ್ಪುಮೀನು) ಆರಿಸುವ ಅಕ್ಕ. "ತಮಾ, ಭರ್ತಿ ಬಂದ್ರೆ ಹೊಳೆನೇ ಹಿಂದೆ ಹೋಗ್ತದೆ. ಆಗ ನಿಂಗೆ ಮೇಲೆ ಯಾವ್ದು, ಕೆಳಗೆ ಯಾವ್ದು?" ಅಂತ ಕೇಳಿದರು. ಹೌದಲ್ವಾ! ಭರ್ತಿ ಅಂದರೆ ಸಮುದ್ರದ ಉಬ್ಬರ. ಆ ಹೊತ್ತಿಗೆ ಕೆಳಗಿನ ಕೊಳಕು ಮೇಲಿನ ಜಾಗಕ್ಕೇ ಬಂದು ನಿಂತಿರುತ್ತದೆ. ಅದಕ್ಕೆ ಉಪ್ಪುನೀರು ಬರುವ ಕಡೆ ಯಾವಾಗಲೂ ಇಳ್ತದಲ್ಲೇ ನೋಡಿ, ಅದೂ ಇಳಿತ ಮುಗಿಯುವ ಹೊತ್ತಿಗೆ. ಭರ್ತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಕಾರವಾರದ ಉಬ್ಬರ-ಇಳಿತದ ವೇಳಾಪಟ್ಟಿ ಸಿಗುತ್ತದೆ. ಇಲ್ಲದಿದ್ದರೆ ಮೀನುಗಾರರನ್ನು ಕೇಳಿ, ಅವರಿಗೆ ಪಟ್ಟಿಯೇ ಬೇಡ. ಅಳಿವೆಯೊಳಗಿನ ಜಾಗಗಳಿಗೆ ಸ್ವಲ್ಪ ತಡವಾಗಿ ತಟ್ಟುತ್ತದೆ ಅನ್ನುವುದನ್ನೂ ಅವರೇ ಹೇಳುತ್ತಾರೆ.

ಸಿಹಿನೀರಾದರೆ ಬೆಳಗಿನ ಜಾವ ಹೋಗಿ. ರಾತ್ರಿಯಿಡೀ ಪಾಚಿ, ಮೀನು, ಸೂಕ್ಷ್ಮಜೀವಿಗಳು ಎಲ್ಲವೂ ನೀರಿನ ಆಮ್ಲಜನಕ ತಿನ್ನುತ್ತವೆ. ಬಿಸಿಲಿಲ್ಲದ ಕಾರಣ ಹೊಸದು ತಯಾರಾಗುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಅದು ಅತಿ ಕಡಿಮೆ. ಮಧ್ಯಾಹ್ನ 2 ಗಂಟೆಗೆ ಚೆನ್ನಾಗಿ ಕಾಣುವ ಹೊಂಡದಲ್ಲಿ ಬೆಳಿಗ್ಗೆ 6ಕ್ಕೆ ಮೀನು ಬಾಯಿ ಮೇಲೆ ಮಾಡಿ ಗಾಳಿ ನುಂಗುತ್ತಿರುತ್ತದೆ. ಕದ್ದು ನೀರು ಬಿಡುವವರೂ ಹೆಚ್ಚಾಗಿ ರಾತ್ರಿಯೇ ಬಿಡುವುದು. ಎರಡೂ ಒಂದೇ ಹೊತ್ತಿಗೆ ಸಿಕ್ಕ ಹಾಗಾಯಿತು.

ಹಂತ 3: ಸಾಮಾನು

ಜಾಸ್ತಿ ಏನೂ ಬೇಡ. ನೀರು ಹುಳಿಯೋ ಕ್ಷಾರವೋ ತೋರಿಸುವ ಪಿಎಚ್ ಕಾಗದ, ಒಂದು ಥರ್ಮಾಮೀಟರ್, ನೀರಿನಲ್ಲಿ ಕರಗಿದ ಉಪ್ಪು-ಖನಿಜ ಅಳೆಯುವ, ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್. ಕೈಯಲ್ಲಿ ದುಡ್ಡಿದ್ದರೆ ಹನಿ ಹಾಕಿ ಬಣ್ಣ ನೋಡುವ ಆಮ್ಲಜನಕದ ಕಿಟ್. ಟಿಡಿಎಸ್ ಮೀಟರನ್ನು ಉಪ್ಪುನೀರಿಗೆ ಅದ್ದಿ ತಲೆ ಕೆಡಿಸಿಕೊಳ್ಳಬೇಡಿ. ಅಗ್ಗದ ಪೆನ್ನುಗಳು ಲೀಟರಿಗೆ 9,990 ಮಿಲಿಗ್ರಾಂ ಮೇಲೆ ಓದುವುದೇ ಇಲ್ಲ, ಸಮುದ್ರದ ನೀರು ಸುಮಾರು 35,000. ಅದು ಘಟ್ಟದ ಹಳ್ಳಕ್ಕೆ, ಬಾವಿಗೆ ಸರಿ.

ನೀರು ಎಷ್ಟು ತಿಳಿ ಅಂತ ನೋಡಲು 20 ಸೆಂಟಿಮೀಟರ್ ಅಗಲದ ತಟ್ಟೆ ಸಾಕು. ಹಳೇ ಸ್ಟೀಲ್ ತಟ್ಟೆಗೆ ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು ಬಿಳಿ ಬಣ್ಣ ಹಚ್ಚಿ. ನಡುವೆ ತೂತು ಕೊರೆದು, ಗಂಟು ಹಾಕಿದ ಹಗ್ಗ ಕಟ್ಟಿ, ಕೆಳಗೆ ತೂಕಕ್ಕೆ ಕಲ್ಲು. ದೋಣಿಯಿಂದಲೋ ಸಂಕದಿಂದಲೋ ಇಳಿಸಿ. ಎಷ್ಟು ಗಂಟಿಗೆ ಕಣ್ಮರೆ ಆಯಿತು ಅಂತ ಬರೆದುಕೊಳ್ಳಿ. ಕ್ವಾರಿಯ ಕೆಸರು ಬರುವ ಹೊಳೆಗೆ ಇದಕ್ಕಿಂತ ಒಳ್ಳೆಯ ಯಂತ್ರ ನಾನು ಕಂಡಿಲ್ಲ.

ನೋಟ್‌ಬುಕ್ಕಿನ ಪ್ರತಿ ಸಾಲಿನಲ್ಲೂ ತಾರೀಖು, ಗಂಟೆ, ಭರ್ತಿಯೋ ಇಳ್ತವೋ, ಹಿಂದಿನ ದಿನ ಮಳೆ ಬಿತ್ತಾ, ಬಣ್ಣ, ವಾಸನೆ, ಅಳತೆಗಳು, ಕಂಡ ಜೀವಿಗಳು. ಪೆನ್ನಿನಲ್ಲಿ ಬರೆಯಿರಿ, ಹಾಳೆ ಹರಿಯಬೇಡಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಫೋಟೋದಲ್ಲಿ ಜಾಗ ಮತ್ತು ಸಮಯ ಬೀಳುವ ಹಾಗೆ ಮೊಬೈಲ್‌ನಲ್ಲಿ ಸೆಟ್ಟಿಂಗ್ ಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಆ ವಿವರ ಅಳಿಸಿ ಹೋಗುತ್ತದೆ. ಮೂಲ ಫೋಟೋ ಇಟ್ಟುಕೊಳ್ಳಿ.

ಹಂತ 4: ಸಂಖ್ಯೆ ಓದುವುದು

ಮಳೆನೀರಿನಿಂದ ಹುಟ್ಟುವ ನಮ್ಮ ಹಳ್ಳಗಳಲ್ಲಿ ಟಿಡಿಎಸ್ ಬಹಳ ಕಡಿಮೆ, ಎಷ್ಟೋ ಕಡೆ 100ರ ಒಳಗೇ. ಅಂಥಲ್ಲಿ ಕೆಳಗಿನ ಜಾಗದಲ್ಲಿ ಮಾತ್ರ 400 ಬಂದರೆ, ಕುಡಿಯುವ ನೀರಿನ 500ರ ಮಿತಿಯ ಒಳಗಿದ್ದರೂ, ನಡುವೆ ಏನೋ ಸೇರಿದೆ ಅಂತಲೇ ಅರ್ಥ. ಮಿತಿ ನೋಡುವುದಕ್ಕಿಂತ ವ್ಯತ್ಯಾಸ ನೋಡುವುದು ಮುಖ್ಯ. ಪಿಎಚ್ ಕೂಡ ಹಾಗೆಯೇ. ಚಿರೇಕಲ್ಲಿನ ಬಾವಿಯಲ್ಲಿ 6.2 ಬಂದರೆ ಗಾಬರಿ ಬೇಡ, ನಮ್ಮ ಮಣ್ಣೇ ಹಾಗೆ. ಹಳ್ಳದಲ್ಲಿ ಒಂದೇ ದಿನ 9 ದಾಟಿದರೆ ಗಾಬರಿಯಾಗಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಳೆಗಳನ್ನು ಎ ಇಂದ ಇ ತನಕ ವರ್ಗ ಮಾಡಿದೆ. ಜನ ಸ್ನಾನ ಮಾಡುವ ಹೊಳೆ ಅಂದರೆ ಬಿ ವರ್ಗ: ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ (ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 3 ಅಥವಾ ಕಡಿಮೆ, 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರ್ಮ್ (ಕೊಳಚೆಯ ಗುರುತಾದ ಬ್ಯಾಕ್ಟೀರಿಯಾ) 500ರ ಒಳಗೆ. ಮೀನು ಬದುಕಲು ಆಮ್ಲಜನಕ ಕನಿಷ್ಠ 4 ಬೇಕು, ಅದು ಡಿ ವರ್ಗ. ಇದು ಹೊಳೆಯ ನೀರಿನ ಲೆಕ್ಕ. ಕಾರ್ಖಾನೆ ಹೊರಗೆ ಬಿಡುವ ನೀರಿನ ಲೆಕ್ಕ ಬೇರೆ. ಸಾಮಾನ್ಯ ಮಾನದಂಡದಲ್ಲಿ ಒಳನಾಡಿನ ಹೊಳೆಗೆ ಬಿಡುವುದಾದರೆ ಬಿಒಡಿ 30, ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕ) 250, ತೇಲುವ ಕಣ 100, ಎಣ್ಣೆ-ಜಿಡ್ಡು 10 ಮಿಲಿಗ್ರಾಂ, ಪಿಎಚ್ 5.5ರಿಂದ 9. ಸಮುದ್ರಕ್ಕೆ ಬಿಡುವುದಾದರೆ ಬಿಒಡಿ 100 ತನಕ. ಕೆಲವು ಉದ್ಯಮಗಳಿಗೆ ಪ್ರತ್ಯೇಕ, ಬಿಗಿ ಮಿತಿಗಳೂ ಉಂಟು. ಈ ಎರಡು ಲೆಕ್ಕ ಕಲಸಿ, ಪೈಪಿನ ನೀರಿಗೆ ಹೊಳೆಯ ಮಿತಿ ಹಚ್ಚಿ ದೂರು ಕೊಟ್ಟವರನ್ನು ನಾನು ನೋಡಿದ್ದೇನೆ. ಮೊದಲ ಪುಟದಲ್ಲೇ ಬಿದ್ದುಹೋಗುತ್ತದೆ.

ಕಿಟ್ ಇಲ್ಲದಿದ್ದರೆ ಕಲ್ಲು ಮಗುಚಿ ನೋಡಿ. ಹರಿಯುವ ಹಳ್ಳದಲ್ಲಿ ಕಲ್ಲಿನ ಅಡಿ, ಬಾಲದಲ್ಲಿ ಮೂರು ಎಳೆಯಿರುವ ಚಪ್ಪಟೆ ಮರಿಹುಳ, ಮರಳಿನ ಚಿಕ್ಕ ಗೂಡು ಕಟ್ಟಿಕೊಂಡ ಹುಳ ಸಿಕ್ಕರೆ ನೀರು ಚೆನ್ನಾಗಿದೆ. ಬರೀ ಕೆಂಪು ದಾರದಂಥ ಹುಳ ಸಿಕ್ಕರೆ ಆಮ್ಲಜನಕ ಕಡಿಮೆ.

ಹಂತ 5: ಮೊದಲು ನಮ್ಮ ತೋಟದ ಬುಡ

ಇದು ಕಹಿ ಹಂತ. ಬಿಟ್ಟು ಮುಂದೆ ಹೋಗಬೇಡಿ, ಯಾಕಂದರೆ ಎದುರಿನವರು ಇದನ್ನೇ ಮೊದಲು ಎತ್ತುತ್ತಾರೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣ ಕಮ್ಮಿಯಾಗಿದೆಯಾ ಅಂತ ನೋಡಲು ಕತ್ತಿ ಅದ್ದುತ್ತೇವೆ. ಕೆಂಪು ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಹಾಕು ಅಂತ ಅರ್ಥ. ಆ ಬಿಡಿ ತಾಮ್ರವೇ ಮೀನು, ಸಿಗಡಿ ಮರಿಗಳಿಗೆ ತೀರಾ ಕಡಿಮೆ ಪ್ರಮಾಣದಲ್ಲೂ ವಿಷ. ಕತ್ತಿಗೆ ಕೆಂಪು ಹಿಡಿಯುವ ಡ್ರಮ್ಮನ್ನು ಹಳ್ಳದಲ್ಲೇ ತೊಳೆದರೆ ಏನಾಗುತ್ತದೆ ಅಂತ ಹೇಳಬೇಕಾ? ಉಳಿದ ದ್ರಾವಣ, ತೊಳೆದ ನೀರು ಎರಡನ್ನೂ ಹಳ್ಳದಿಂದ, ಬಾವಿಯಿಂದ ದೂರ ಹೊಂಡಕ್ಕೆ ಹಾಕಿ. ಅಡಿಕೆ ಬೇಯಿಸಿದ ಚೊಗರು ನೀರೂ ಅಷ್ಟೇ. ಅದು ವಿಷಕ್ಕಿಂತ ಆಮ್ಲಜನಕ ತಿನ್ನುವ ಸಾಮಾನು. ಸುಗ್ಗಿ ಬರುವುದು ಹಳ್ಳ ಬತ್ತುತ್ತಾ ಹೋಗುವ ಕಾಲಕ್ಕೆ. ಹರಿವು ಕಮ್ಮಿ ಇದ್ದಾಗ ನಾಲ್ಕು ಮನೆಯ ಚೊಗರು ಸಾಕು, ಹೊಂಡದ ಮೀನು ಮೇಲೆ ಬರಲು.

ನಮ್ಮೂರಲ್ಲಿ ಒಂದು ವರ್ಷ ಹಳ್ಳದ ನೀರು ಕಂದಾದಾಗ ಎಲ್ಲರೂ ಮೇಲಿನ ಘಟಕದತ್ತ ಕೈ ತೋರಿಸಿದರು. ನೋಟ್‌ಬುಕ್ ತೆಗೆದು ನೋಡಿದರೆ ಘಟಕದ ಕೆಳಗಿನ ಜಾಗ ಸರಿಯಾಗೇ ಇತ್ತು. ಕಂದು ಶುರುವಾಗಿದ್ದು ನಮ್ಮದೇ ಕೇರಿಯ ಬೇಯಿಸುವ ಒಲೆಯ ಕೆಳಗೆ. ಸುಮ್ನೆ ಕೂತು, ಹೊಂಡ ತೋಡಿದೆವು.

ಹಂತ 6: ಪ್ರಯೋಗಾಲಯಕ್ಕೆ ಮಾದರಿ

ಮೂರು ನಾಲ್ಕು ಸಲ ವ್ಯತ್ಯಾಸ ಕಂಡ ಮೇಲೆ ಒಮ್ಮೆ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿ. ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯವೇ ಆಗಲಿ. ಮೊದಲೇ ಫೋನ್ ಮಾಡಿ ಅವರದೇ ಬಾಟಲಿ ತರಿಸಿಕೊಳ್ಳಿ. ಕೋಲಿಫಾರ್ಮ್‌ಗೆ ಕ್ರಿಮಿಶುದ್ಧ ಮಾಡಿದ ಬಾಟಲಿ, ಎಣ್ಣೆಗೆ ಗಾಜಿನದು, ಲೋಹಕ್ಕೆ ನೈಟ್ರಿಕ್ ಆಮ್ಲ ಹಾಕಿದ್ದು. ಒಂದಕ್ಕೊಂದು ಬರುವುದಿಲ್ಲ. ಖಾಲಿ ಜ್ಯೂಸ್ ಬಾಟಲಿಯಲ್ಲಿ ತುಂಬಿದರೆ ಬಿಒಡಿ ಆ ಜ್ಯೂಸಿನದೇ ಬರುತ್ತದೆ.

ತುಂಬುವುದು ಹೀಗೆ. ನೀವು ಕೆಳಗಿನ ಬದಿಯಲ್ಲಿ ನಿಂತು, ಹರಿವಿಗೆ ಎದುರು ಮುಖ ಮಾಡಿ. ನಿಮ್ಮ ಕಾಲು ಕಲಕಿದ ಕೆಸರು ಬಾಟಲಿಗೆ ಬರಬಾರದು. ಬಾಟಲಿಯ ಬುಡ ಹಿಡಿದು ಬಾಯಿ ಕೆಳಗೆ ಮಾಡಿ ಒಂದು ಗೇಣು ಮುಳುಗಿಸಿ, ಆಮೇಲೆ ಬಾಯಿಯನ್ನು ಹರಿವಿನ ಕಡೆ ತಿರುಗಿಸಿ. ಬಿಒಡಿ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ಕೋಲಿಫಾರ್ಮ್ ಬಾಟಲಿಯಲ್ಲಿ ಮಾತ್ರ ಸ್ವಲ್ಪ ಜಾಗ ಬಿಡಿ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ. ಕೂಡಲೇ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್. ಐಸ್‌ಗೆ ಮೀನು ಮಾರುಕಟ್ಟೆ ಇದ್ದೇ ಇದೆಯಲ್ಲ. ಕೋಲಿಫಾರ್ಮ್ 6 ಗಂಟೆಯೊಳಗೆ ಮುಟ್ಟಿದರೆ ಒಳ್ಳೆಯದು, ಏನೇ ಆದರೂ 24 ಗಂಟೆ ದಾಟಬಾರದು.

ಸೋಮವಾರ ಅಥವಾ ಮಂಗಳವಾರ ತೆಗೆಯಿರಿ. ಬಿಒಡಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡುತ್ತಾರೆ. ನಾನೊಮ್ಮೆ ಶುಕ್ರವಾರ ತೆಗೆದು, ಘಟ್ಟದ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಮುಟ್ಟುವಾಗ ಬಾಗಿಲು ಹಾಕಿತ್ತು. ಮರುದಿನ ಎರಡನೇ ಶನಿವಾರ. ಮಾದರಿ ಹೋಯಿತು, ದುಡ್ಡೂ ಹೋಯಿತು.

ಬರೀ ಬಾವಿ ನೀರಾದರೆ ಇಷ್ಟೆಲ್ಲ ಬೇಡ. ಜಲಜೀವನ ಮಿಷನ್‌ನಲ್ಲಿ ಗ್ರಾಮ ಪಂಚಾಯತಿಗೆ ಪರೀಕ್ಷಾ ಕಿಟ್ ಕೊಟ್ಟು, ಊರಿನ ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಅಲ್ಲಿ ಕೇಳಿ. ಅಳಿವೆಯ ಜೀವಿಗಳ ಬಗ್ಗೆ ತಿಳಿಯಬೇಕಾದರೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ.

ಹಂತ 7: ಕಾಗದ ಹುಡುಕಿ

ಹೊರಗೆ ನೀರು ಬಿಡುವ ಯಾವ ಕಾರ್ಖಾನೆಯೂ ಮಂಡಳಿಯ ಸಮ್ಮತಿ ಇಲ್ಲದೆ ನಡೆಯುವ ಹಾಗಿಲ್ಲ. ಕಟ್ಟುವ ಮೊದಲು ಒಂದು, ನಡೆಸಲು ಇನ್ನೊಂದು. ಎರಡನೆಯದರಲ್ಲಿ ದಿನಕ್ಕೆ ಎಷ್ಟು ಲೀಟರ್, ಯಾವ ಗುಣಮಟ್ಟದಲ್ಲಿ, ಎಲ್ಲಿಗೆ ಬಿಡಬೇಕು ಅಂತ ಷರತ್ತು ಇರುತ್ತದೆ. "ಸಂಸ್ಕರಿಸಿದ ನೀರನ್ನು ಆವರಣದ ಗಿಡಗಳಿಗೇ ಬಳಸಬೇಕು" ಅಂತ ಬರೆದಿದ್ದರೆ, ಹಳ್ಳಕ್ಕೆ ಬಂದ ಒಂದು ಪೈಪೇ ಉಲ್ಲಂಘನೆ. ಬಿಒಡಿ ಎಷ್ಟು ಅಂತ ವಾದವೇ ಬೇಡ! ಅದಕ್ಕೆ ಈ ಕಾಗದ ನಿಮ್ಮ ಎಲ್ಲ ಅಳತೆಗಳಿಗಿಂತ ದೊಡ್ಡ ಅಸ್ತ್ರ.

ಸಮ್ಮತಿ ಪಡೆದವರು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಫಾರ್ಮ್ 5ರಲ್ಲಿ ಪರಿಸರ ವಿವರ ಕೊಡಬೇಕು. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಡಿ ಪರಿಸರ ಅನುಮತಿ ಪಡೆದ ಯೋಜನೆಗಳು ಆರು ತಿಂಗಳಿಗೊಮ್ಮೆ ಪಾಲನಾ ವರದಿ ಕೊಡಬೇಕು. ಅವು ಸಾರ್ವಜನಿಕ ದಾಖಲೆ. ಕಾಗದ, ಸಕ್ಕರೆ, ಕಾಸ್ಟಿಕ್ ಸೋಡಾ ಮುಂತಾದ 17 ಬಗೆಯ ದೊಡ್ಡ ಉದ್ಯಮಗಳು ಸದಾ ಅಳೆಯುವ ಆನ್‌ಲೈನ್ ಯಂತ್ರ ಕೂರಿಸಬೇಕು ಅಂತ 2014ರಲ್ಲಿ ಆದೇಶವಾಗಿದೆ. ಸಿಗಡಿ ಕೆರೆಯಾದರೆ ಕರಾವಳಿ ಜಲಕೃಷಿ ಪ್ರಾಧಿಕಾರದ ನೋಂದಣಿ ಬೇಕು.

ಆನ್‌ಲೈನ್‌ನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ನಮ್ಮ ರಾಜ್ಯದ ನಿಯಮ ಅದು. "ಯಾಕೆ ಕ್ರಮ ಕೈಗೊಂಡಿಲ್ಲ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಕಾಗದ ಕೇಳಿ: ಸಮ್ಮತಿ ಪತ್ರದ ಪ್ರತಿ, ಕಳೆದ ಮೂರು ತಪಾಸಣಾ ವರದಿ, ಮಂಡಳಿ ತೆಗೆದ ಮಾದರಿಗಳ ಫಲಿತಾಂಶ, ಕೊಟ್ಟ ನೋಟಿಸುಗಳು. 30 ದಿನದಲ್ಲಿ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಹಂತ 8: ದೂರು ಬರೆಯುವುದು

ಒಂದು ಪುಟ ಸಾಕು. ನಾನು ಬರೆಯುವ ರೀತಿ ಇದು, ಸಂಖ್ಯೆಗಳು ಉದಾಹರಣೆಗೆ ಮಾತ್ರ:

"ಪರಿಸರ ಅಧಿಕಾರಿಗಳು, ಪ್ರಾದೇಶಿಕ ಕಚೇರಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಕಾರವಾರ ಇವರಿಗೆ. ವಿಷಯ: ಇಂಥ ಗ್ರಾಮದ ಹಳ್ಳದಲ್ಲಿ ಸ್ಥಳ ತನಿಖೆ ಮಾಡಿ ಮಾದರಿ ತೆಗೆಯಲು ಕೋರಿಕೆ. ಇಂಥ ಸರ್ವೆ ನಂಬರಿನ ಪಕ್ಕ ಹಳ್ಳಕ್ಕೆ ಒಂದು ಪೈಪ್ ಬಂದಿದೆ. ಕಳೆದ ಆರು ವಾರದಲ್ಲಿ ನಾಲ್ಕು ಸಲ, ಬೆಳಿಗ್ಗೆ 5ರಿಂದ 6ರ ನಡುವೆ, ಅದರಿಂದ ಬೂದು ಬಣ್ಣದ, ಕೊಳೆತ ಮೀನಿನ ವಾಸನೆಯ ನೀರು ಬರುವುದನ್ನು ನೋಡಿದ್ದೇವೆ. ಪೈಪಿಗಿಂತ ಮೇಲಿನ ಜಾಗದಲ್ಲಿ ಟಿಡಿಎಸ್ 70, ಕೆಳಗಿನ ಜಾಗದಲ್ಲಿ 620. ತಾರೀಖುಪಟ್ಟಿ, ಫೋಟೋ, ನಕ್ಷೆ, ಪ್ರಯೋಗಾಲಯದ ವರದಿ ಲಗತ್ತಿಸಿದೆ. ಬೆಳಿಗ್ಗೆ 6ರ ಒಳಗೆ ಸ್ಥಳಕ್ಕೆ ಬಂದು, ನಮ್ಮ ಸಮ್ಮುಖದಲ್ಲಿ ಮಾದರಿ ತೆಗೆಯಬೇಕಾಗಿ ವಿನಂತಿ."

ಇದರಲ್ಲಿ "ವಿಷ" ಅನ್ನುವ ಶಬ್ದ ಇಲ್ಲ, ಬೈಗುಳ ಇಲ್ಲ, ಕಾರ್ಖಾನೆಯ ಮಾಲೀಕರ ಜಾತಕವೂ ಇಲ್ಲ. ಕಂಡದ್ದು ಮಾತ್ರ. ಕೊನೆಯ ಸಾಲೇ ಪ್ರಾಣ. ಸಮಯ ಹೇಳದಿದ್ದರೆ ಜೀಪು ಬರುವುದು ಮಧ್ಯಾಹ್ನ ಊಟದ ಮೇಲೆ, ಆಗ ಪೈಪ್ ಒಣಗಿರುತ್ತದೆ.

ಪ್ರತಿಗಳನ್ನು ಗ್ರಾಮ ಪಂಚಾಯತಿಗೆ, ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಗ್ರಾಮಸಭೆಯ ಠರಾವು ಸೇರಿಸಿದರೆ ಇನ್ನೂ ಗಟ್ಟಿ. ಪೇಟೆಯ ಗಟಾರವಾದರೆ ಪುರಸಭೆ ಅಥವಾ ನಗರಸಭೆಗೂ, ದಂಡೆಯ ಅತಿಕ್ರಮಣ ಕಟ್ಟಡವಾದರೆ ಕರಾವಳಿ ನಿಯಂತ್ರಣ ವಲಯ ನೋಡುವ ಪ್ರಾದೇಶಿಕ ನಿರ್ದೇಶಕರ ಕಚೇರಿಗೂ ಹೋಗಬೇಕು. ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನ 1902ರಲ್ಲಿ ದಾಖಲಿಸಿದರೆ ಒಂದು ನಂಬರ್ ಸಿಗುತ್ತದೆ, ಮುಂದೆ ಉಪಯೋಗಕ್ಕೆ ಬರುತ್ತದೆ.

ಮೀನು ಸತ್ತ ದಿನ

ಅವತ್ತು ಎಲ್ಲ ಹಂತ ಬಿಟ್ಟು ಓಡಬೇಕು. ಮೊದಲು ನೀರು ಹಿಡಿಯಿರಿ, ಫೋಟೋ ಆಮೇಲೆ. ಮೀನು ಅಲ್ಲೇ ಇರುತ್ತದೆ, ಕೆಟ್ಟ ನೀರು ಹರಿದು ಹೋಗುತ್ತದೆ. ಮೂರೂ ಜಾಗದಲ್ಲಿ ಹಿಡಿಯಿರಿ. ಈಗಷ್ಟೇ ಸತ್ತ ಅಥವಾ ಸಾಯುತ್ತಿರುವ ನಾಲ್ಕೈದು ಮೀನು ಐಸ್‌ನಲ್ಲಿಡಿ, ಕೊಳೆತದ್ದು ಪರೀಕ್ಷೆಗೆ ಬರುವುದಿಲ್ಲ. ಮಂಡಳಿಗೂ ಮೀನುಗಾರಿಕೆ ಇಲಾಖೆಗೂ ಫೋನ್ ಮಾಡಿ, ಪಂಚನಾಮೆ ಆಗಲಿ. ಯಾರೂ ಆ ಮೀನು ತಿನ್ನದ ಹಾಗೆ ಕೇರಿಗೆಲ್ಲ ಹೇಳಿ.

ಆದರೆ ಎಲ್ಲ ಸಾವೂ ಕಾರ್ಖಾನೆಯದಲ್ಲ. ಮೊದಲ ಮಳೆಯ ಹೊಸ ನೀರು ವರ್ಷದ ಕೊಳಕನ್ನೆಲ್ಲ ಒಮ್ಮೆಗೇ ತರುತ್ತದೆ. ಗಜನಿಯಲ್ಲಿ (ಅಳಿವೆ ಬದಿಯ ಉಪ್ಪುನೀರಿನ ಗದ್ದೆ) ನಿಂತು ಕಪ್ಪಾದ ನೀರನ್ನು ಬಾಗಿಲು ತೆಗೆದು ಬಿಟ್ಟಾಗಲೂ ಕೆಳಗೆ ಆಮ್ಲಜನಕ ಕುಸಿಯುತ್ತದೆ. ಜೋರು ಮಳೆಗಾಲದಲ್ಲಿ ಸಿಹಿನೀರು ಜಾಸ್ತಿಯಾಗಿ ಬಳಚು ಸಾಯುವುದುಂಟು. ಇನ್ನು ಕೆಲವು ಸಲ ಯಾರೋ ಮೇಲಿನ ಹೊಂಡಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿದಿರುತ್ತಾರೆ. ಹಿಂದಿನ ಎರಡು ದಿನದ ಮಳೆ, ಭರ್ತಿ, ಬಾಗಿಲು, ಎಲ್ಲವನ್ನೂ ಬರೆದುಕೊಳ್ಳಿ.

ಉತ್ತರ ಬರದಿದ್ದರೆ

ಎರಡು ಸಲ ನೆನಪೋಲೆ ಕೊಟ್ಟು ನೋಡಿ. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈನ ದಕ್ಷಿಣ ಪೀಠ. ಪರಿಹಾರದ ಮೊತ್ತ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಗಮನಿಸಿ, ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಹೋಗಬೇಕು. ಸರಿಯಾದ ಕಾರಣ ಇದ್ದರೆ ಮತ್ತೆ 60 ದಿನ ಅಷ್ಟೇ. ಪರಿಹಾರ ಕೇಳಲು 5 ವರ್ಷ ಇದೆ. ಇಲ್ಲಿ ನೋಟ್‌ಬುಕ್ಕಿನ ಮೊದಲ ತಾರೀಖು ನಿಮ್ಮನ್ನು ಉಳಿಸಲೂಬಹುದು, ತಡ ಮಾಡಿದರೆ ಮುಳುಗಿಸಲೂಬಹುದು.

ಮಂಡಳಿ ಬಂದು ಹೋದ ಮೇಲೂ, ಪೈಪ್ ಮುಚ್ಚಿದ ಮೇಲೂ ಅದೇ ಮೂರು ಜಾಗ, ಅದೇ ಹೊತ್ತು ನೋಡುತ್ತಾ ಇರಿ. ನಮ್ಮ ಹಳ್ಳದ ಕಳೆದ ವಾರದ ಸಾಲು ಹೀಗಿದೆ: "ಬೆಳಿಗ್ಗೆ 6.10. ಇಳ್ತ. ನಿನ್ನೆ ಮಳೆ ಇಲ್ಲ. ಪಿಎಚ್ 6.5. ವಾಸನೆ ಇಲ್ಲ. ಗ್ಯಾರೇಜಿನ ಕೆಳಗೆ ಬಣ್ಣದ ಪದರ ಇದೆ, ಕಡ್ಡಿ ಹಾಕಿ ನೋಡಿದೆ, ಚೂರಾಯಿತು."